ಕಂಬದ ಬುಡದಲ್ಲಿ ಜಯಲಕ್ಷ್ಮಿ

ಬೆನ್ನ ಹಿಂದೆ ಮತ್ತೆ ಬಳೆಯ ಸದ್ದು. ಚಿದಾನಂದ ಮಸಿಯ ಪೆನ್ನು ಕೆಳಗಿಟ್ಟರು.

"ಇದೂ ಸರಿಯಾಗ್ಲಿಲ್ವೇನೇ?"

ನೈರೋಬಿಯ ಹರ್ಲಿಂಗ್‌ಹ್ಯಾಮ್ ಬಡಾವಣೆಯ ಆ ಫ್ಲ್ಯಾಟಿನಲ್ಲಿ ಅವರನ್ನು ಬಿಟ್ಟರೆ ಯಾರೂ ಇರಲಿಲ್ಲ. ಹೆಂಡತಿ ಜಯಲಕ್ಷ್ಮಿ ತೀರಿಕೊಂಡು ಮೂರು ತಿಂಗಳಾಗಿತ್ತು.

ದೆವ್ವ ಗಿವ್ವ ನಂಬುವ ಆಸಾಮಿಯಲ್ಲ ಅವರು; ಔಷಧದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಮ್ಯಾನೇಜರಾಗಿದ್ದವರು. ಆದರೆ ಹಾಡಹಗಲೇ ಬಳೆ ಸದ್ದಾದರೆ ಏನು ಮಾಡುವುದು? ಕೊನೆಯ ಆಸೆ ಪೂರ್ತಿ ತೀರುವವರೆಗೆ ಅವಳಿಗೂ ನೆಮ್ಮದಿಯಿಲ್ಲ, ತನಗೂ ಇಲ್ಲ ಎಂಬುದು ಅವರಿಗೆ ಖಾತ್ರಿಯಾಗಿತ್ತು.

ಆಸ್ಪತ್ರೆಯಲ್ಲಿ ಅವಳ ಬೇಸರ ಕಳೆಯಲೆಂದು ಒಂದು ದಪ್ಪ ಪುಸ್ತಕ ತೋರಿಸುತ್ತಿದ್ದರು. ಹಿಂದಿನ ಕಾಲದಲ್ಲಿ ದೇಶ ಸುತ್ತಿದ ಕಲಾವಿದರು ರೋಮಿನ ಪಾಳುಬಿದ್ದ ಗುಡಿಗಳನ್ನು ಮಸಿಯಲ್ಲಿ ಬಿಡಿಸಿದ ಚಿತ್ರಗಳು.

"ನೋಡೇ, ಕಂಬ ಎಷ್ಟೆತ್ತರ ಅಂತ ಗೊತ್ತಾಗ್ಲಿ ಅಂತ ಬುಡದಲ್ಲಿ ಒಬ್ಬ ಮನುಷ್ಯನ್ನ ನಿಲ್ಲಿಸ್ತಾರೆ."

ಜಯಲಕ್ಷ್ಮಿಯ ಮೂಗಿನಲ್ಲಿ, ಕೈಯಲ್ಲಿ ನಳಿಕೆಗಳು. ಕಷ್ಟಪಟ್ಟು ಮಾಸ್ಕ್ ಸರಿಸಿದಳು.

"ರೀ, ನನ್ನ ಬಿಡಿಸಿ."

ಆಮೇಲೆ ಅವಳಿಗೆ ಮಾತು ಬರಲೇ ಇಲ್ಲ.

"ಚಿಕಿತ್ಸೆ ಮುಂದುವರಿಸುವ ಬಗ್ಗೆ ಅವರು ಏನಾದರೂ ಹೇಳಿದರೇ?" ಎಂದು ಡಾಕ್ಟರ್ ಆಲ್ಫ್ರೆಡ್ ಇಂಗ್ಲಿಷಿನಲ್ಲಿ ವಿಚಾರಿಸಿದ್ದರು.

"ಅವಳ ಚಿತ್ರ ಬೇಕಂತೆ."

"ಹಾಗಾದರೆ ಚಿಕಿತ್ಸೆ ಮುಂದುವರಿಸೋಣ."

ಚಿದಾನಂದ ಸಹಿ ಹಾಕಿದರು. ಹನ್ನೊಂದು ದಿನ ಹಾಸಿಗೆಯ ಪಕ್ಕದಲ್ಲೇ ಕೂತು ಬರೆದರು. ಪುಸ್ತಕದ ಒಂದೊಂದೇ ಪಾಳುಗುಡಿ, ಒಂದೊಂದು ಕಂಬದ ಬುಡದಲ್ಲೂ ಸೀರೆಯುಟ್ಟ ಜಯಲಕ್ಷ್ಮಿ. ತೋರಿಸಿದಾಗಲೆಲ್ಲ ಅವಳ ಕಣ್ಣಲ್ಲಿ ನೀರು. ಪಾಪ, ಎಷ್ಟು ಸಂತೋಷವೋ ಎಂದುಕೊಂಡರು.

ಅವಳು ಹೋದ ಮೇಲೂ ನಿಲ್ಲಿಸಲಿಲ್ಲ. ಮುಖ ಹೋಲಬೇಕು, ಮೂಗುಬೊಟ್ಟು ಕಾಣಬೇಕು ಎಂದು ಹಟ ಹಿಡಿದು ತಿದ್ದಿದರು. ಬರೆದಷ್ಟೂ ಬಳೆಯ ಸದ್ದು ಹತ್ತಿರ ಬಂತು. ಮೊದಲು ಅಡುಗೆಮನೆಯಲ್ಲಿ, ಆಮೇಲೆ ಹಾಲ್‌ನಲ್ಲಿ, ಈಗ ಕುರ್ಚಿಯ ಹಿಂದೆ.

ಭಾನುವಾರ ಮಗಳು ನಿಕಿತಾ ಬಂದಳು. ನೈರೋಬಿಯಲ್ಲೇ ಹುಟ್ಟಿ ಬೆಳೆದವಳು. ಅವಳಿಗೆ ಬರುವ ನಾಲ್ಕು ಮಾತು ಕನ್ನಡವೂ ಅಮ್ಮನ ಬಾಯಿಂದ ಕಲಿತದ್ದು. ಗೋಡೆ ತುಂಬ ಅಂಟಿಸಿದ್ದ ಚಿತ್ರಗಳನ್ನು ನೋಡಿ ದಂಗಾದಳು.

"ಪಪ್ಪಾ, ವೈ ಸೋ ಮೆನಿ?"

"ನಿಮ್ಮಮ್ಮ ಕೊನೆಗೆ ಕೇಳಿದ್ದು ಇದೊಂದೇ ಕಣಮ್ಮಾ. ನಿಂಗೆ ಹೇಳಿರ್ಲಿಲ್ಲ. 'ನನ್ನ ಬಿಡಿಸಿ' ಅಂದ್ಲು."

ನಿಕಿತಾ ಒಂದು ಚಿತ್ರದ ಹತ್ತಿರ ಹೋಗಿ ನೋಡಿದಳು. ಆಮೇಲೆ ಅಪರೂಪಕ್ಕೆ ಕನ್ನಡದಲ್ಲೇ ಹೇಳಿದಳು:

"ಚಿತ್ರಕ್ಕೆ ಅಮ್ಮ ಯಾವಾಗ್ಲೂ 'ಬರಿ' ಅಂತಿದ್ಲು, ಪಪ್ಪಾ. ಸೆರಗು ಬಾಗ್ಲಿಗೆ ಸಿಕ್ಕೊಂಡ್ರೆ 'ಬಿಡಿಸು' ಅಂತಿದ್ಲು."