ಕೆಂಡದ ಮೇಲಿನ ಚೀಟಿ

ತೆರೆದ ಇಸ್ತ್ರಿಪೆಟ್ಟಿಗೆಯ ಕೆಂಡಕ್ಕೆ ಚೀಟಿಗಳ ಕಂತೆಯನ್ನು ದರ್ಜಿ ಮನೆಯ ಹಿರಿಸೊಸೆ ಇನ್ನೇನು ಬಿಡುವವಳಿದ್ದಳು. ಅವು ಓರಗಿತ್ತಿ ನಾಳಿನ ಪರೀಕ್ಷೆಗೆಂದು ಬರೆದು, ಗೋಡೆಗೆ ಗುಂಡುಸೂಜಿಯಿಂದ ಚುಚ್ಚಿಕೊಂಡಿದ್ದ ಕಠಿಣ ಇಂಗ್ಲಿಷ್ ಪದಗಳು. "ಕಿರಿಯವಳ ಬಾಯಲ್ಲಿ ಇಂಗ್ಲಿಷು ಅರಳು ಹುರಿದ ಹಾಗೆ!" ಎಂದು ಅತ್ತೆ ಬೆಳಗ್ಗೆ ಹೊಗಳಿದ್ದೇ ಇವಳ ಹೊಟ್ಟೆಗೆ ಕಿಚ್ಚಿಟ್ಟಿತ್ತು. ಹತ್ತು ವರ್ಷ ಗುಂಡಿಗಳಿಗೆ ಕಾಜಾ ಹೊಲಿದ ಬೆರಳುಗಳಿಗೆ ಅಂಥ ಒಂದು ಮಾತೂ ದಕ್ಕಿರಲಿಲ್ಲ.

ಅಷ್ಟರಲ್ಲಿ ಮೇಲಿನ ಚೀಟಿ ಕಣ್ಣಿಗೆ ಬಿತ್ತು: "ಬಿಗ್ರಜ್: ಇನ್ನೊಬ್ಬರದನ್ನು ಕಂಡು ಹೊಟ್ಟೆ ಉರಿದುಕೊಳ್ಳುವುದು. ಉದಾಹರಣೆ: ಅಕ್ಕ ಹೊಲಿದ ಕಾಜಾ ಕಂಡಾಗಲೆಲ್ಲ ನಾನು."

ಪೆಟ್ಟಿಗೆಯನ್ನು ಮುಚ್ಚಿ, ಚೀಟಿಗಳನ್ನು ಒಂದೊಂದಾಗಿ ಮತ್ತೆ ಗೋಡೆಗೆ ಚುಚ್ಚಿದಳು. ಅದೊಂದನ್ನು ಮಾತ್ರ ಸೂಜಿಡಬ್ಬಿಯಲ್ಲಿ ಇಟ್ಟುಕೊಂಡಳು.

"ಅಕ್ಕಾ, ಬಿಗ್ರಜ್ ಚೀಟಿ ಕಾಣ್ತಿಲ್ಲ!" ಎಂದಳು ಓರಗಿತ್ತಿ, ಸಂಜೆ.

"ಬಿಡೇ, ಅದು ನಮ್ಮಿಬ್ಬರಿಗೂ ಬಾಯಿಪಾಠ ಆಗಿದೆ."