ಜನ್ಮಕ್ಕೊಂದೇ ಸಲ

ತಪ್ಪಿನ ಕಚೇರಿಯಲ್ಲಿ ನೀರುಗಂಟಿ ಚನ್ನವೀರಯ್ಯ ಬೆನ್ನು ಬಗ್ಗಿಸಿ ನಿಂತಿದ್ದ. ಅವನು ಸಂಪಿನ ಮುಚ್ಚಳ ಹಾಕಲು ಮರೆತಿದ್ದರಿಂದ ಸೊಪ್ಪು ಮಾರುವ ಲಕ್ಕಮ್ಮ ಬಿದ್ದು ಸತ್ತಿದ್ದಳು. ಆ ತಪ್ಪಿಗೆ ತೂಗಿಟ್ಟ ಕಲ್ಲು ರುಬ್ಬುಗುಂಡಿಗಿಂತ ದೊಡ್ಡದಿತ್ತು. ಸಾಯುವ ತನಕ ಅದನ್ನು ಅವನೇ ಹೊರಬೇಕು.

"ಮೂರು ದಿನದಿಂದ ಜ್ವರ ಇತ್ತು ಸಾರ್, ರಜಾ ಕೇಳಿದ್ರೂ ಕೊಡ್ಲಿಲ್ಲ," ಎಂದಳು ಹೆಂಡತಿ ಸರ್ವಮಂಗಳ.

"ಕಾರಣ ಸರಿಯಾಗೇ ಇದೆಯಮ್ಮ. ಆದ್ರೆ ಅರ್ಜೀಲಿ 'ಎಕ್ಸ್‌ಟೆನ್ಯುಯೇಟ್', ಅಂದ್ರೆ ಕಾರಣ ನೋಡಿ ತಪ್ಪಿನ ಭಾರ ಇಳಿಸಿ, ಅಂತ ಬರೆದ್ರೆ ಮಾತ್ರ ಕಲ್ಲು ಕಡಿಮೆ ಮಾಡೋದು. ಅದನ್ನ ಬರೆಯೋಕೆ ಜನ್ಮಕ್ಕೊಂದೇ ಸಲ ಅವಕಾಶ." ತನ್ನ ಕೊರಳಿನ ಪುಟ್ಟ ಕಲ್ಲನ್ನು ಪಕ್ಕಕ್ಕೆ ಸರಿಸಿ ಗುಮಾಸ್ತ ಪುಸ್ತಕ ತಿರುವಿದ. "ನಿಮ್ಮ ಯಜಮಾನ್ರು ಆಗ್ಲೇ ಬರ್ದುಬಿಟ್ಟಿದಾರೆ. ಸಂಜೆ ಕಾಲೇಜಿಗೆ ತಡವಾಗಿ ಬಂದಿದ್ದಕ್ಕೆ."

ಚನ್ನವೀರಯ್ಯನಿಗೆ ನೆನಪಿತ್ತು. ಆ ವಾರವಷ್ಟೇ ಆ ಪದ ಕಲಿತಿದ್ದ. ಕ್ಷಮಿಸಿ ಎಂದಿದ್ದರೆ ಸಾಕಿತ್ತು. ಮೇಷ್ಟ್ರು ಅವನ ಪತ್ರವನ್ನು ತರಗತಿಗೆಲ್ಲ ಓದಿ ಹೇಳಿ ಭೇಷ್ ಅಂದಿದ್ದರು. ಅಂದು ಇಳಿದದ್ದು ಹುಣಸೆಬೀಜದಷ್ಟು ಕಲ್ಲು.

"ನನ್ನ ಅವಕಾಶ ಹಾಗೇ ಇದೆ ಸಾರ್, ಇವರ ಹೆಸರಿಗೆ ಹಾಕ್ಕೊಳ್ಳಿ," ಎಂದಳು ಸರ್ವಮಂಗಳ.

"ಅದು ಕಡ ಕೊಡೋ ಸಕ್ಕರೆ ಅಲ್ಲಮ್ಮ."

ಅವನ ಕೊರಳಿಗೆ ಕಲ್ಲು ಕಟ್ಟಿದರು. ಹೊಸಿಲು ದಾಟುವಾಗ ಅವನ ಮೊಣಕಾಲು ಕುಸಿಯಿತು. ಸರ್ವಮಂಗಳ ಕಲ್ಲಿನ ಅಡಿಗೆ ಕೈ ಕೊಟ್ಟಳು.

"ಕೈ ತೆಗಿಯೇ," ಎಂದ ಅವನು. "ಕಚೇರಿಯವರು ನೋಡಿದ್ರೆ ನಿಂಗೂ ಇಷ್ಟೇ ದೊಡ್ಡದು ಕಟ್ತಾರೆ."

ಅವಳು ಕೈ ತೆಗೆದಳು. ಅಲ್ಲಿಂದ ಮನೆಯವರೆಗೂ ನಾಲ್ಕು ಹೆಜ್ಜೆ ಮುಂದೆ ಹೋಗುವುದು, ನಿಂತು ಕಾಯುವುದು, ಇಷ್ಟೇ ಅವಳಿಂದ ಆದದ್ದು.