ಹುಳದ ಜ್ವರದ ಲೆಕ್ಕ

ಹೆಡ್‌ಮಾಸ್ತರರ ಬೆರಳು ನರಸಮ್ಮನ ಉತ್ತರಪತ್ರಿಕೆಯ ಕೆಂಪು ಗೀಟಿನ ಮೇಲೆ ನಿಂತಿತು. "ನೋಡಪ್ಪಾ ಗಂಗುಲಪ್ಪ, ರೇಷ್ಮೆ ಹುಳಕ್ಕೆ ದಿನಕ್ಕೆ ಎರಡು ಬುಟ್ಟಿ ಸೊಪ್ಪಾದ್ರೆ ಇಪ್ಪತ್ತೆಂಟು ದಿನಕ್ಕೆ ಐವತ್ತಾರು. ನಿನ್ನ ಮಗಳು ನಲವತ್ತೆಂಟು ಅಂತ ಬರೆದಿದ್ದಾಳೆ. ಎರಡೇ ಅಂಕ ಕಮ್ಮಿ, ಆದ್ರೂ ಹೈಸ್ಕೂಲಿಗೆ ಸೇರಿಸ್ಕೊಳ್ಳೋಕಾಗಲ್ಲ."

ಅವಳನ್ನು ಕರೆದುಕೊಂಡು ಸಾದಲಿಯಿಂದ ನಡೆದು ಬಂದಿದ್ದ ಅಪ್ಪ ಹೆಗಲ ಟವಲ್ಲನ್ನು ಕಂಕುಳಲ್ಲಿ ಅವುಚಿಕೊಂಡು ಬಾಗಿಲಲ್ಲೇ ನಿಂತಿದ್ದ. ಲೆಕ್ಕ ಕೇಳಿದ್ದೇ ತಲೆ ಎತ್ತಿದ. "ಸರಿಯಾಗೇ ಬರ್ದವ್ಳೆ ಸ್ವಾಮಿ. ಹುಳ ನಾಲ್ಕು ಸಲ ಜ್ವರಕ್ಕೆ ಕೂತ್ಕೊಂತಾವೆ, ಒಂದೊಂದು ಸಲಕ್ಕೆ ಒಂದೊಂದು ದಿನ. ಪೊರೆ ಬಿಡೋಗಂಟ ಸೊಪ್ಪು ಮುಟ್ಟಲ್ಲ."

ಹೆಡ್‌ಮಾಸ್ತರರು ಕನ್ನಡಕ ತೆಗೆದು ಅವನನ್ನೇ ನೋಡಿದರು. ಆಮೇಲೆ ಎದ್ದು, ಎದುರಿನ ಕುರ್ಚಿಯನ್ನು ತಾವೇ ಎಳೆದರು. "ಕೂತ್ಕೊಳ್ಳಿ ಗಂಗುಲಪ್ಪನವರೇ. ಮೊದಲಿಂದ ನಿಧಾನವಾಗಿ ಹೇಳಿ, ಬರ್ಕೊತೀನಿ."

ಅಂಕ ತಿದ್ದಿದ್ದು, ಹೈಸ್ಕೂಲು ಸೇರಿದ್ದು ಎಲ್ಲ ಆಮೇಲಿನ ಮಾತು. ಈಗ ಮೊಮ್ಮಕ್ಕಳನ್ನು ಕಂಡಿರುವ ನರಸಮ್ಮನ ಕಣ್ಣಿಗೆ ಕಟ್ಟಿದಂತಿರುವುದು ಒಂದೇ: ಊರ ದೊಡ್ಡವರೆದುರು ಎಂದೂ ಕೂತವನಲ್ಲದ ಅಪ್ಪ ಆ ಕುರ್ಚಿಯ ತುದಿಯಲ್ಲಿ ಕೂತು, ಹುಳದ ಮಾತು ಮೂರನೇ ಜ್ವರಕ್ಕೆ ಬರುವಷ್ಟರಲ್ಲಿ, ಮೆಲ್ಲಗೆ ಬೆನ್ನು ಒರಗಿಸಿದ್ದು.